ಬ್ರಿಂಡಿಸಿಯಲ್ಲಿ ಹಡಗು ಕಾಯುತ್ತಿತ್ತು

ಆರ್‌ಎಂಎಸ್, ಅಂದರೆ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಮೊದಲ ಹನ್ನೊಂದು ವರ್ಷ ಓಡುವ ರೈಲಿನಲ್ಲೇ ಕೆಲಸ. ಹುಬ್ಬಳ್ಳಿಯಲ್ಲಿ ಮೀಟರ್ ಗೇಜ್ ಗಾಡಿಯ ಮೇಲ್ ವ್ಯಾನು ಹತ್ತಿದರೆ, ಬೆಳಗಾಗುವುದರೊಳಗೆ ಸಾವಿರಾರು ಕಾಗದಗಳು ಊರೂರಿನ ಖಾನೆ ಸೇರಿ, ಚೀಲದೊಳಗೆ ಹೋಗಿ, ಸುತಳಿ ಬಿಗಿಸಿಕೊಂಡು, ಅರಗಿನ ಮೊಹರು ಹಾಕಿಸಿಕೊಂಡು ಇಳಿಯಲು ಸಿದ್ಧವಾಗಿರಬೇಕು. ಆ ದಿನಗಳಲ್ಲಿ ಒಬ್ಬ ಹಿರಿಯ ಸಾರ್ಟರು ನಡುರಾತ್ರಿಯ ಚಹಾ ಕುಡಿಯುತ್ತ "ವಿಲಾಯತಿ ಟಪಾಲು" ಅಂತ ಶುರುಮಾಡುತ್ತಿದ್ದರು. ಬ್ರಿಟಿಷರ ಕಾಲದ ಟಪಾಲು: ಲಂಡನ್ನಿನಿಂದ ಇಟಲಿಯ ಬ್ರಿಂಡಿಸಿ ಬಂದರು, ಬ್ರಿಂಡಿಸಿಯಿಂದ ಮುಂಬೈ. ಅವರಿಗೆ ಅದನ್ನು ಅವರ ಹಿರಿಯರು ಹೇಳಿದ್ದಂತೆ. ಬ್ರಿಂಡಿಸಿ ಅನ್ನುವ ಹೆಸರು ನನ್ನ ಕಿವಿಯಲ್ಲಿ ಉಳಿದದ್ದು ಹಾಗೆ.

ಮಗಳು ಈಗ ಇಟಲಿಯ ತುರಿನ್‌ನಲ್ಲಿ ಕೆಲಸಕ್ಕಿದ್ದಾಳೆ. ಹೋದ ಅಕ್ಟೋಬರಿನಲ್ಲಿ ಕರೆಸಿಕೊಂಡಳು. ಎಲ್ಲಿಗೆ ಹೋಗೋಣ ಅಂತ ಕೇಳಿದಾಗ ನಾನು ಹೇಳಿದ ಊರು ಅವಳೂ ನೋಡಿರಲಿಲ್ಲ.

"ಮಂದಿ ವೆನಿಸ್ ಅಂತಾರ, ರೋಮ್ ಅಂತಾರ. ನೀವು ಬ್ರಿಂಡಿಸಿ ಅಂತೀರಲ್ರೀ ಅಪ್ಪಾ, ಅಲ್ಲೇನೈತಿ?"

"ನಮ್ಮ ಟಪಾಲು ಅಲ್ಲಿಂದ ಹಡಗು ಹತ್ತತಿತ್ತವಾ" ಅಂದೆ.

ಮೊದಲ ದಿನ: ತುರಿನ್ ಮತ್ತು ಬಾರ್ದೊನೆಕ್ಕಿಯಾ

ಬೆಳಗ್ಗೆ ಪಿಯಾಝಾ ಸ್ಟಾಟುಟೊ ಚೌಕಕ್ಕೆ ನಡೆದೇ ಹೋದೆವು. ಚೌಕದ ನಡುವೆ ಒರಟು ಬಂಡೆಗಳ ಒಂದು ಗುಡ್ಡೆ, ಅದರ ಮೈತುಂಬ ಸೋತು ಕೆಳಗುರುಳುತ್ತಿರುವ ಬಿಳಿಗಲ್ಲಿನ ದೈತ್ಯರು, ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ದೇವತೆ. ಆಲ್ಪ್ಸ್ ಬೆಟ್ಟದ ಹೊಟ್ಟೆ ಸೀಳಿ ತೆಗೆದ ಫ್ರೇಜುಸ್ ಸುರಂಗದ ನೆನಪಿಗೆ 1879ರಲ್ಲಿ ನಿಲ್ಲಿಸಿದ್ದು. ಇಂಗ್ಲಿಷಿನಲ್ಲಿ ಇದೇ ಸುರಂಗಕ್ಕೆ ಮಾಂಟ್ ಸೆನಿಸ್ ಅನ್ನುವ ಹೆಸರೇ ರೂಢಿ. ಒಬ್ಬ ದೈತ್ಯ ಅಂಗೈಯಿಂದ ಬಂಡೆಯನ್ನು ತಡೆಹಿಡಿಯಲು ನೋಡುತ್ತಿದ್ದಾನೆ. ಅವನ ಬೆರಳುಗಳನ್ನೇ ನಾನು ಬಹಳ ಹೊತ್ತು ನೋಡಿದೆ.

ಅಲ್ಲಿಂದ ಸೂಸಾ ಕಣಿವೆಯ ಪ್ಯಾಸೆಂಜರ್ ಗಾಡಿ ಹಿಡಿದು ಬಾರ್ದೊನೆಕ್ಕಿಯಾಕ್ಕೆ. ಒಂದೂವರೆ ತಾಸಿನ ದಾರಿ. ಏರುತ್ತ ಏರುತ್ತ ಚೆಸ್ಟ್‌ನಟ್ ಮರಗಳು ಹಿಂದೆ ಸರಿದು, ಎಲೆ ಅರಿಶಿನವಾದ ಬೆಟ್ಟದ ಮರಗಳು ಬಂದವು. ಸಾವಿರದ ಮುನ್ನೂರು ಮೀಟರ್ ಎತ್ತರದ ಊರು. ಗಾಡಿಯಿಂದ ಇಳಿದಾಗ ಕಿವಿ ಕೊರೆಯುವ ಚಳಿ. ಅಕ್ಟೋಬರಿನಲ್ಲಿ ಹೋಗುವವರು ತುರಿನ್‌ನ ಬಿಸಿಲು ನಂಬಿ ಸ್ವೆಟರ್ ಬಿಟ್ಟು ಹೋಗಬಾರದು. ನಿಲ್ದಾಣದ ಹೊರಗೆ ಒಬ್ಬಾಕೆ ತೂತಿನ ಬಾಣಲೆಯಲ್ಲಿ ಚೆಸ್ಟ್‌ನಟ್ ಹುರಿಯುತ್ತಿದ್ದರು. ಕಾಗದದ ಪೊಟ್ಟಣದಲ್ಲಿ ಕೊಂಡು, ಅಂಗೈ ಬಿಸಿ ಮಾಡಿಕೊಳ್ಳುತ್ತ ಪ್ಲಾಟ್‌ಫಾರ್ಮಿನ ತುದಿಗೆ ಬಂದು ನಿಂತೆವು. ಹಳಿಗಳು ಫ್ರಾನ್ಸಿನ ಕಡೆ ಬೆಟ್ಟದೊಳಕ್ಕೆ ಹೋಗುವ ದಿಕ್ಕು ಅದು.

ಸುರಂಗ ಆಗುವ ಮೊದಲು ಲಂಡನ್ನಿನ ಟಪಾಲು ಈ ಬೆಟ್ಟವನ್ನು ಮೇಲಿಂದ ದಾಟಬೇಕಿತ್ತು. 1868ರಲ್ಲಿ ಮಾಂಟ್ ಸೆನಿಸ್ ಕಣಿವೆಯ ರಸ್ತೆಗುಂಟ ಒಂದು ವಿಚಿತ್ರ ರೈಲು ಹಾಕಿದರು. ಎರಡು ಹಳಿಗಳ ನಡುವೆ ಮೂರನೆಯದೊಂದು ಹಳಿ, ಅದನ್ನು ಎಂಜಿನ್ನಿನ ಅಡ್ಡಗಾಲಿಗಳು ಎರಡೂ ಬದಿಯಿಂದ ಅಮುಕಿ ಹಿಡಿದು ಏರುತ್ತಿದ್ದವು. ಕೆಳಗೆ ಸುರಂಗ ತೋಡುತ್ತಿರುವಾಗ, ಅದು ಮುಗಿಯುವವರೆಗೆ ಮಾತ್ರ ನಡೆಯಬೇಕಾದ ರೈಲು. ಇಂಡಿಯಾದ ಟಪಾಲನ್ನು ಬೇಗ ದಾಟಿಸುವುದು ಅದರ ದೊಡ್ಡ ಉದ್ದೇಶ. ಮೂರೇ ವರ್ಷ ನಡೆಯಿತು. 1857ರಲ್ಲಿ ತೋಡಲು ಹಿಡಿದ ಸುರಂಗ 1871ರ ಸೆಪ್ಟೆಂಬರಿನಲ್ಲಿ ತೆರೆಯಿತು. ಹನ್ನೆರಡು ಕಿಲೋಮೀಟರಿಗೂ ಉದ್ದ. ಒತ್ತಿದ ಗಾಳಿಯಿಂದ ನಡೆಯುವ ಕೊರೆಯಂತ್ರಗಳನ್ನು ಅಲ್ಲಿಗೆ ತಂದ ಎಂಜಿನಿಯರ್ ಜೆರ್ಮೇನ್ ಸೊಮೆಯೆ ಅದೇ ಜುಲೈನಲ್ಲಿ ತೀರಿಕೊಂಡಿದ್ದ. ತನ್ನ ಸುರಂಗದಲ್ಲಿ ಮೊದಲ ಗಾಡಿ ಓಡಿದ್ದನ್ನು ಅವನು ನೋಡಲಿಲ್ಲ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು, ಮಗಳು ಸುಮ್ಮನೆ ಕೈ ಹಿಡಿದಳು.

ಮರಳುವಾಗ ಒಂದು ಅಚಾತುರ್ಯ. ಇಲ್ಲಿ ಪ್ಯಾಸೆಂಜರ್ ಗಾಡಿಯ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ಠಸ್ಸೆ ಹೊಡೆಸಬೇಕು. ಚಳಿಗೆ ಓಡಿ ಹತ್ತಿದ ನಾವು ಮರೆತೆವು. ಟಿಸಿ ಬಂದು ನೋಡಿದರು, ದಂಡದ ಪುಸ್ತಕ ತೆಗೆದರು. ಮಗಳು ವಿವರಿಸಿದ ಮೇಲೆ ಪೆನ್ನಿನಿಂದ ಟಿಕೆಟ್ಟಿನ ಮೇಲೆ ಗಂಟೆ, ನಿಮಿಷ ಬರೆದು ವಾಪಸು ಕೊಟ್ಟರು. ಠಸ್ಸೆ ಬೀಳದ ಕಾಗದ ಎಲ್ಲಿಂದ ಯಾವಾಗ ಹೊರಟಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅವರು ಕೇಳಿದ್ದು ನ್ಯಾಯವೇ.

ಎರಡನೆಯ ದಿನ: ಇಡೀ ದಿನ ರೈಲು

ಬೊಲೊನ್ಯಾದಲ್ಲಿ ಗಾಡಿ ಬದಲಿಸಬೇಕಿತ್ತು. ನಮ್ಮ ಮೊದಲ ಗಾಡಿ ಹದಿನೆಂಟು ನಿಮಿಷ ತಡವಾಯಿತು. ನೆಲದಡಿಯ ಪ್ಲಾಟ್‌ಫಾರ್ಮಿನಿಂದ ಮೆಟ್ಟಿಲೇರಿ ಮೇಲೆ ಬರುವಷ್ಟರಲ್ಲಿ ಬ್ರಿಂಡಿಸಿಯ ಗಾಡಿ ಬಾಲ ತೋರಿಸಿತು. ಮುಂದಿನದಕ್ಕೆ ಎರಡು ತಾಸು. ಬೊಲೊನ್ಯಾದಲ್ಲಿ ಬದಲಿಸುವವರು ನಡುವೆ ಅರ್ಧ ತಾಸಾದರೂ ಇಟ್ಟುಕೊಳ್ಳಬೇಕು, ವಯಸ್ಸಾದವರು ಜೊತೆಗಿದ್ದರೆ ಇನ್ನೂ ಹೆಚ್ಚು.

ಬೆಂಚಿನ ಮೇಲೆ ಕೂತು ಮಗಳಿಗೆ ಆ ಹಳೆಯ ವೇಳಾಪಟ್ಟಿ ಹೇಳಿದೆ. ಸುಮಾರು 1900ರ ಲೆಕ್ಕ. ಶುಕ್ರವಾರ ರಾತ್ರಿ ಲಂಡನ್ ಬಿಟ್ಟ ಟಪಾಲು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿನ ಕ್ಯಾಲೆಯಲ್ಲಿ ರೈಲು ಹತ್ತುತ್ತಿತ್ತು. ಫ್ರಾನ್ಸ್ ದಾಟಿ, ಸುರಂಗ ದಾಟಿ, ತುರಿನ್, ಬೊಲೊನ್ಯಾ, ಅಂಕೋನಾ, ಫೋಜಾ, ಬಾರಿ ಹಾದು ಭಾನುವಾರ ಬ್ರಿಂಡಿಸಿ ಮುಟ್ಟುತ್ತಿತ್ತು. ಎರಡು ಪರದೇಶದ ನೆಲದ ಮೇಲೆ ಹೋದರೂ ಚೀಲಗಳನ್ನು ನಡುವೆ ಯಾರೂ ಬಿಚ್ಚುವಂತಿಲ್ಲ, ಮೊಹರು ಹಾಗೇ ಇರಬೇಕು. ನಾವು ಟ್ರಾನ್ಸಿಟ್ ಬ್ಯಾಗ್ ಅನ್ನುತ್ತೇವಲ್ಲ, ಅದೇ. ಎಣಿಸು, ಮೊಹರು ನೋಡು, ಸಹಿ ಹಾಕು, ಮುಂದಿನವರ ಕೈಗೆ ಕೊಡು. ಬ್ರಿಂಡಿಸಿಯಲ್ಲಿ ಪಿ ಅಂಡ್ ಓ ಅನ್ನುವ ಬ್ರಿಟಿಷ್ ಹಡಗು ಕಂಪನಿಯ ಹಡಗು ಉಗಿ ಏರಿಸಿಕೊಂಡು ನಿಂತಿರುತ್ತಿತ್ತು. ಗಾಡಿ ತಡವಾದರೆ ಹಡಗು ಕಾಯಬೇಕು, ಹಡಗು ತಡವಾದರೆ ಕಂಪನಿ ಸರಕಾರಕ್ಕೆ ದಂಡ ಕಟ್ಟಬೇಕು.

"ನಮಗ ಯಾರೂ ಕಾಯಲಿಲ್ಲಲ್ರೀ" ಅಂದಳು ಮಗಳು.

ರಿಮಿನಿ ದಾಟಿದ ಮೇಲೆ ಎಡಗಡೆ ಸಮುದ್ರ ಸಿಕ್ಕಿತು. ಕೆಲವು ಕಡೆ ಹಳಿಗೂ ನೀರಿಗೂ ನಡುವೆ ಹತ್ತು ಹೆಜ್ಜೆ ಮರಳು ಅಷ್ಟೇ. ಎಡಬದಿಯ ಕಿಟಕಿ ಕೇಳಿ ತೆಗೆದುಕೊಂಡದ್ದು ಒಳ್ಳೆಯದಾಯಿತು. ಬೇಸಿಗೆ ಮುಗಿದು ಮಡಚಿಟ್ಟ ಛತ್ರಿಗಳು, ಖಾಲಿ ದಂಡೆ, ತಗಡಿನ ಬಣ್ಣದ ನೀರು. ಫೋಜಾ ಹತ್ತಿರ ನೆಲ ಸಪಾಟಾಗಿ ನವಲಗುಂದದ ಎರೆಹೊಲದ ಹಾಗೆ ಕಣ್ಣು ಹಾಯುವಷ್ಟು ಬಯಲು. ಗೋದಿ ಕೊಯ್ದ ಕೂಳೆ, ಗಾಳಿಯಂತ್ರಗಳು. ಬಾರಿ ದಾಟಿದಾಗ ಕತ್ತಲು. ಬ್ರಿಂಡಿಸಿಯಲ್ಲಿ ಇಳಿದಾಗ ರಾತ್ರಿ ಹತ್ತೂವರೆ ಆಗಿತ್ತು, ಬೆಚ್ಚಗಿನ ತೇವದ ಗಾಳಿ ಮುಖಕ್ಕೆ ಬಡಿಯಿತು. ಶಿರೊಕ್ಕೊ, ಆಫ್ರಿಕಾದ ಕಡೆಯ ಗಾಳಿ. ನಿಲ್ದಾಣದ ಹೊರಗಿನ ತಾಳೆಮರಗಳು ಆ ಗಾಳಿಗೆ ಸೀರೆ ಒದರಿದಂತೆ ಸದ್ದು ಮಾಡುತ್ತಿದ್ದವು.

ಮೂರನೆಯ ದಿನ: ಬ್ರಿಂಡಿಸಿ

ನಿಲ್ದಾಣದಿಂದ ಬಂದರಿಗೆ ನೇರ ರಸ್ತೆ. ಉಂಬೆರ್ತೊ ಬೀದಿ, ಮುಂದೆ ಗರಿಬಾಲ್ಡಿ ಬೀದಿ, ಕೊನೆಗೆ ನೀರು. ನಾನು ಗಡಿಯಾರ ನೋಡಿಕೊಂಡೇ ನಡೆದೆ. ನನ್ನ ಕಾಲಿನಲ್ಲಿ ಹದಿನೇಳು ನಿಮಿಷ. ಆಗ ಹಳಿ ಬಂದರಿನವರೆಗೂ ಇತ್ತು.

ಬಂದರು ನೋಡಿದ ಕೂಡಲೇ ಅದನ್ನು ಏಕೆ ಆರಿಸಿದರು ಅಂತ ತಿಳಿಯಿತು. ಕಿರಿದಾದ ಬಾಯಿಯಿಂದ ಒಳಗೆ ಬಂದ ಸಮುದ್ರ ಊರಿನ ಎರಡೂ ಮಗ್ಗುಲಿಗೆ ಕವಲೊಡೆದು ತಬ್ಬಿಕೊಂಡಿದೆ. ಜಿಂಕೆಯ ತಲೆ, ಎರಡು ಕೊಂಬು. ಊರಿನ ಹೆಸರೇ ಇಲ್ಲಿನ ಹಳೆಯ ಭಾಷೆಯಲ್ಲಿ ಜಿಂಕೆಯ ತಲೆ ಅನ್ನುವುದರಿಂದ ಬಂದದ್ದು, ನಗರದ ಲಾಂಛನದಲ್ಲೂ ಅದೇ. ಹೊರಗೆ ಶಿರೊಕ್ಕೊ ಬೀಸುತ್ತಿದ್ದರೂ ಒಳಗಿನ ನೀರಿಗೆ ಸಣ್ಣ ನೆರಿಗೆ ಮಾತ್ರ. ಚೀಲ ಹೊತ್ತು ಹಲಗೆಯ ಮೇಲೆ ನಡೆಯುವವನಿಗೆ ಇದಕ್ಕಿಂತ ಏನು ಬೇಕು. ದಂಡೆಯ ಮೇಲೆ ಮೆಟ್ಟಿಲ ಸಾಲು, ಅದರ ತುದಿಯಲ್ಲಿ ರೋಮನ್ನರ ಒಂಟಿ ಕಂಬ. ರೋಮ್‌ನಿಂದ ಬರುವ ಅವರ ಆಪ್ಪಿಯಾ ಹೆದ್ದಾರಿ ಮುಗಿಯುತ್ತಿದ್ದದ್ದು ಈ ಊರಿನಲ್ಲೇ. ಜೊತೆಗಿದ್ದ ಇನ್ನೊಂದು ಕಂಬ 1528ರಲ್ಲಿ ಬಿತ್ತು. ರಸ್ತೆ ಮುಗಿದು ಹಡಗು ಶುರುವಾಗುವ ಜಾಗ ಎರಡು ಸಾವಿರ ವರ್ಷದಿಂದ ಇದೇ ಆಗಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಇಟಲಿಯವರು ಆ ಟಪಾಲಿಗೆ ಇಟ್ಟ ಹೆಸರು ವಲೀಜಾ ದೆಲ್ಲೆ ಇಂಡಿಯೆ. ವಲೀಜಾ ಅಂದರೆ ಪ್ರಯಾಣದ ಪೆಟ್ಟಿಗೆ, ಟಪಾಲಿನವರ ಬಾಯಲ್ಲಿ ಚೀಲ. ಇಂಡಿಯಾದ ಚೀಲ. 1870ರಿಂದ 1914ರವರೆಗೆ ಈ ಊರು ಆ ಚೀಲದ ದಾರಿ ಕಾಯಿತು. ಮೊದಮೊದಲು ಹಡಗು ಇಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿತ್ತು. ಅಲ್ಲಿ ಚೀಲಗಳು ಮತ್ತೆ ರೈಲು ಹತ್ತಿ ಸೂಯೆಜ್‌ಗೆ, ಅಲ್ಲಿ ಮತ್ತೊಂದು ಹಡಗು. 1869ರಲ್ಲೇ ಸೂಯೆಜ್ ಕಾಲುವೆ ತೆರೆದಿದ್ದರೂ ಬಹಳ ವರ್ಷ ಟಪಾಲು ಈಜಿಪ್ಟಿನ ರೈಲನ್ನು ಬಿಡಲಿಲ್ಲ. ಆಮೇಲೆ ಕಾಲುವೆಯ ಬಾಯಲ್ಲಿರುವ ಪೋರ್ಟ್ ಸಯೀದ್‌ಗೆ ನೇರ. 1898ರಲ್ಲಿ ಐಸಿಸ್, ಒಸೈರಿಸ್ ಅಂತ ಎರಡು ಸಣ್ಣ, ಬಲು ವೇಗದ ಹಡಗು ಇದಕ್ಕೆಂದೇ ಬಂದವು. ದೊಡ್ಡ ಹಡಗು ಲಂಡನ್ನಿನಿಂದ ಜಿಬ್ರಾಲ್ಟರ್ ಸುತ್ತಿ ನಿಧಾನಕ್ಕೆ ಬರುತ್ತಿರುತ್ತಿತ್ತು. ಹಿಂದಿನಿಂದ ಹೊರಟ ಟಪಾಲು ರೈಲಿನಲ್ಲಿ ಯುರೋಪ್ ದಾಟಿ, ಈ ಸಣ್ಣ ಹಡಗಿನಲ್ಲಿ ಓಡಿ, ಪೋರ್ಟ್ ಸಯೀದ್‌ನಲ್ಲಿ ಅದನ್ನು ಹಿಡಿಯುತ್ತಿತ್ತು. ಸುರಂಗದ ಉದ್ದ, ಹಡಗಿನ ವೇಗ ಎಲ್ಲ ಪುಸ್ತಕದಲ್ಲಿ ಸಿಗುತ್ತವೆ. ನನ್ನ ಮಟ್ಟಿಗೆ ಈ ಇಡೀ ದಾರಿಯ ಜೀವ ಇದ್ದದ್ದು ಒಂದು ಗಾಡಿಯಿಂದ ಇನ್ನೊಂದಕ್ಕೆ ಚೀಲ ದಾಟುವ ಆ ಸ್ವಲ್ಪ ಹೊತ್ತಿನಲ್ಲಿ. ಅಲ್ಲಿ ಒಂದು ಚೀಲ ಹಿಂದುಳಿದರೆ ಇಡೀ ಒಂದು ವಾರ ಹಿಂದುಳಿಯುತ್ತದೆ.

ದಂಡೆಯ ಮೇಲೆ ಗಾಳ ಹಾಕಿ ಕೂತಿದ್ದ ಮುದುಕರೊಬ್ಬರು ನಾವು ಎಲ್ಲಿಯವರು ಅಂತ ಕೇಳಿದರು. ಮಗಳು ಹೇಳಿದಳು. "ವಲೀಜಾ!" ಅಂದರು, ಗಾಳದ ಕೋಲು ಕೆಳಗಿಟ್ಟರು. ಅವರು ಇದೇ ಬಂದರಿನಲ್ಲಿ ಹೊರೆ ಇಳಿಸುವ ಕೆಲಸದಲ್ಲಿದ್ದವರು. ದಂಡೆಯ ಮೇಲಿನ ದೊಡ್ಡ ಹೋಟೆಲ್ ತೋರಿಸಿದರು, ಇಂಡಿಯಾದ ಹಡಗಿಗೆ ಕಾಯುವ ಪ್ರಯಾಣಿಕರಿಗೆಂದೇ ಕಟ್ಟಿದ್ದು, ಇಂದಿಗೂ ಹೋಟೆಲ್ಲೇ. ಆಮೇಲೆ ಎದ್ದು, ಸೊಂಟ ಬಗ್ಗಿಸಿ, ಚೀಲವನ್ನು ಹೆಗಲ ಮೇಲೆ ಎಸೆದುಕೊಳ್ಳುವುದು ಹೇಗೆ ಅಂತ ನನಗೆ ತೋರಿಸಿದರು. ಬಲಗೈ ಚೀಲದ ಕೊರಳಿಗೆ, ಎಡಗೈ ಅಡಿಗೆ, ಮೊಣಕಾಲಿನ ಒಂದು ಎತ್ತು. ನಾನೂ ಎದ್ದು ನಮ್ಮ ರೀತಿ ತೋರಿಸಿದೆ. ಎರಡೂ ಒಂದೇ. ಅವರು ನನ್ನ ಭುಜ ಹಿಡಿದು ಅಲುಗಿಸಿ ಏನೋ ಅಂದರು. ಮಗಳು ಅನುವಾದಿಸಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಊರೆಲ್ಲ ಬಾಗಿಲು ಹಾಕಿತು. ಐದರವರೆಗೆ ಅಂಗಡಿ ತೆರೆಯುವುದಿಲ್ಲ, ಹೋಗುವವರು ಹೊಟ್ಟೆಯ ವ್ಯವಸ್ಥೆ ಮೊದಲೇ ಮಾಡಿಕೊಳ್ಳಬೇಕು. ತೆರೆದಿದ್ದ ಒಂದೇ ಸಣ್ಣ ಖಾನಾವಳಿಯಲ್ಲಿ ಫ್ರಿಸೆಲ್ಲಾ ಅನ್ನುವುದನ್ನು ಕೊಟ್ಟರು. ಜವೆಗೋದಿಯ ಹಿಟ್ಟಿನ ಬ್ರೆಡ್ಡು, ಎರಡು ಸಲ ಒಲೆಯಲ್ಲಿ ಬೇಯಿಸಿ ಕಲ್ಲಿನಂತೆ ಒಣಗಿಸಿದ್ದು. ತಿನ್ನುವ ಮೊದಲು ನೀರಿನಲ್ಲಿ ಅದ್ದಿ ತೆಗೆದು, ಮೇಲೆ ಟೊಮ್ಯಾಟೊ ಹಿಂಡಿ, ಉಪ್ಪು, ಆಲಿವ್ ಎಣ್ಣೆ. ತಿಂಗಳುಗಟ್ಟಲೆ ಕೆಡುವುದಿಲ್ಲ, ನಾವಿಕರು ಕಟ್ಟಿಕೊಂಡು ಹೋಗುತ್ತಿದ್ದರು ಅಂದಳು ಬಡಿಸುವಾಕೆ. ನನಗೆ ನಮ್ಮವ್ವ ಡ್ಯೂಟಿಗೆ ಕಟ್ಟಿಕೊಡುತ್ತಿದ್ದ ಕಡಕ್ ರೊಟ್ಟಿ ನೆನಪಾಯಿತು. ಜೊತೆಗೆ ಒಣ ಫಾವಾ ಅವರೆಕಾಳು ನುಣ್ಣಗೆ ಕುದಿಸಿ ಕಹಿಸೊಪ್ಪಿನ ಪಲ್ಯ ಹಾಕಿದ ತಟ್ಟೆ. ಚಟ್ನಿಪುಡಿ ಒಂದಿದ್ದರೆ ಮನೆಯೂಟವೇ. ಒರೆಕ್ಕಿಯೆತ್ತೆ ಪಾಸ್ತಾ ಕೇಳುವ ಶಾಕಾಹಾರಿಗಳು ಮೀನು ಬೇಡ ಅಂತ ಮುಂಚೆಯೇ ಹೇಳಬೇಕು, ಸೊಪ್ಪಿನ ಜೊತೆ ಸಣ್ಣ ಮೀನು ಅರೆದು ಹಾಕಿರುತ್ತಾರೆ.

ಸಂಜೆ ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ದಾಟಿದೆವು. ಚುಕ್ಕಾಣಿಯ ಆಕಾರದಲ್ಲಿ ಕಟ್ಟಿದ ನಾವಿಕರ ಸ್ಮಾರಕ ಅಲ್ಲಿದೆ, 1933ರದ್ದು. ಮೇಲಿಂದ ನೋಡಿದರೆ ಜಿಂಕೆಯ ಎರಡೂ ಕೊಂಬು, ಅದರಾಚೆ ಕಡಲ ಬಾಯಿ. ಒಂದು ಫೆರಿ ದೀಪ ಹಚ್ಚಿಕೊಂಡು ಹೊರಡುತ್ತಿತ್ತು. ಅದು ಕಣ್ಣಿಗೆ ಮರೆಯಾಗುವವರೆಗೆ ನಿಂತೆವು.

ನಾಲ್ಕನೆಯ ದಿನ: ಒಣಗಿದ ಆಲಿವ್

ಒಸ್ತುನಿಗೆ ಹೋಗುವ ಬಸ್ಸು ತಪ್ಪಿ, ಆ ಕಡೆ ಹೊರಟಿದ್ದ ರೈತರೊಬ್ಬರ ಗಾಡಿಯಲ್ಲಿ ಸ್ವಲ್ಪ ದೂರ ಹೋದೆವು. ದಾರಿಯ ಎರಡೂ ಬದಿ ಬೂದಿ ಬಣ್ಣದ ಅಸ್ಥಿಪಂಜರದಂಥ ಮರಗಳು. ಕ್ಸೈಲೆಲ್ಲಾ ಅನ್ನುವ ರೋಗಾಣು, 2013ರಲ್ಲಿ ಈ ಸೀಮೆಯ ದಕ್ಷಿಣದಲ್ಲಿ ಪತ್ತೆಯಾದದ್ದು, ಈಗ ಇಲ್ಲಿಯವರೆಗೂ ಬಂದಿದೆ. ಅಜ್ಜನ ಅಜ್ಜ ನೆಟ್ಟದ್ದು ಅಂತ ಒಂದು ಮರದ ಹತ್ತಿರ ಗಾಡಿ ನಿಲ್ಲಿಸಿದರು. ಇಬ್ಬರು ತಬ್ಬಿದರೂ ಸಿಗದ ಬೊಡ್ಡೆ, ಒಂದೇ ಒಂದು ಹಸಿರು ಚಿಗುರು. ಆ ಮರ ಎಳೆಯದಾಗಿದ್ದಾಗ ಇಂಡಿಯಾದ ಟಪಾಲು ಗಾಡಿ ಪ್ರತಿ ಭಾನುವಾರ ಇದರ ಪಕ್ಕದಲ್ಲೇ ಹಾದಿರಬೇಕು. ಅವರಿಗೆ ಏನು ಹೇಳಬೇಕೋ ತಿಳಿಯದೆ ಕೈ ಮುಗಿದೆ.

ರಾತ್ರಿ ವಿಮಾನದಲ್ಲಿ ತುರಿನ್. ನಾಲ್ಕು ದಿನ ಬಿಟ್ಟು ನಾನೊಬ್ಬನೇ ಮುಂಬೈಗೆ.

ಮುಂಬೈ, ಒಂದು ದಿನ

ಬ್ರಿಂಡಿಸಿಯ ಚೀಲ ಇಳಿಯುತ್ತಿದ್ದ ಜಾಗ ನೋಡದೆ ಹುಬ್ಬಳ್ಳಿ ಗಾಡಿ ಹತ್ತಲು ಮನಸ್ಸಾಗಲಿಲ್ಲ. ಬೆಳಗ್ಗೆ ಫೋರ್ಟಿನ ಉಡುಪಿ ಹೋಟೆಲ್ಲಿನಲ್ಲಿ ಇಡ್ಲಿ ತಿಂದು ಜನರಲ್ ಪೋಸ್ಟ್ ಆಫೀಸಿಗೆ ಹೋದೆ. 1913ರಲ್ಲಿ ಮುಗಿದ ಕಟ್ಟಡ, ವಿನ್ಯಾಸ ಜಾನ್ ಬೆಗ್‌ನದು. ಒಳಗೆ ನಿಂತು ತಲೆ ಎತ್ತಿದರೆ ಗುಮ್ಮಟ. ನಮ್ಮ ವಿಜಯಪುರದ ಗೋಲಗುಮ್ಮಟವನ್ನು ನೋಡಿ ಮಾಡಿದ್ದು. ಮುಂಬೈಯ ಟಪಾಲು ಕಚೇರಿಯ ನೆತ್ತಿಯ ಮೇಲೆ ಆದಿಲ್‌ಶಾಹಿಯ ಗುಮ್ಮಟ ಕೂತಿದೆ, ಇದನ್ನು ನಮ್ಮ ಕಡೆಯ ಎಷ್ಟು ಜನ ನೋಡಿದ್ದಾರೋ. ಕೌಂಟರಿನಲ್ಲಿ ಒಬ್ಬಾಕೆ ಕಾಗದಗಳಿಗೆ ಠಸ್ಸೆ ಒತ್ತುತ್ತಿದ್ದರು. ಮಸಿಯ ಮೆತ್ತೆಗೆ ಒಂದು, ಕಾಗದಕ್ಕೆ ಒಂದು. ಆ ತಾಳ ಕೇಳುತ್ತ ಬಹಳ ಹೊತ್ತು ಬೆಂಚಿನ ಮೇಲೆ ಕೂತೆ.

ಅಲ್ಲಿಂದ ಬಲ್ಲಾರ್ಡ್ ಎಸ್ಟೇಟಿನ ನೆರಳಿನ ಬೀದಿಗಳಲ್ಲಿ ಹಾದು ಬಲ್ಲಾರ್ಡ್ ಪಿಯರ್ ಕಡೆಗೆ. ಗೇಟಿನಲ್ಲಿ ಕಾವಲಿನವರು ಪಾಸ್ ಇಲ್ಲದೆ ಬಿಡುವುದಿಲ್ಲ ಅಂದರು. ಹೊರಗೇ ನಿಂತು ಕ್ರೇನುಗಳ ತುದಿ ನೋಡಿದೆ.

ಹಡಗು ಇಲ್ಲಿ ಬಂದು ತಾಗುವಾಗ ಇಂಡಿಯಾದ ಕಾಗದಗಳು ಆಗಲೇ ವಿಂಗಡವಾಗಿರುತ್ತಿದ್ದವು. 1868ರಲ್ಲಿ ಸಮುದ್ರದ ಪೋಸ್ಟ್ ಆಫೀಸು ಅಂತ ಒಂದನ್ನು ಹಡಗಿನ ಮೇಲೆಯೇ ಶುರು ಮಾಡಿದ್ದರು. ನಮ್ಮ ಸಾರ್ಟರುಗಳು ಆಚೆಯಿಂದ ಬರುವ ಹಡಗಿನಲ್ಲಿ ಕೂತು, ಮುಂಬೈ ಬರುವುದರೊಳಗೆ ಇಡೀ ದೇಶದ ಕಾಗದಗಳನ್ನು ರೈಲಿನ ದಾರಿವಾರು ಚೀಲಕ್ಕೆ ತುಂಬಬೇಕು. ಓಡುವ ರೈಲಿನಲ್ಲಿ ಖಾನೆಯ ಎದುರು ನಿಂತವನಿಗೆ ಗೊತ್ತು, ತಿರುವಿನಲ್ಲಿ ಕಾಲು ಹೇಗೆ ಜಾರುತ್ತದೆ ಅಂತ. ಜುಲೈ ತಿಂಗಳ ಅರಬ್ಬೀ ಸಮುದ್ರದಲ್ಲಿ, ಹಡಗಿನ ಹೊಟ್ಟೆಯ ಸೆಕೆಯಲ್ಲಿ, ವಾಂತಿ ತಡೆದುಕೊಂಡು, ಪರಕೀಯ ಅಕ್ಷರದಲ್ಲಿ ಬರೆದ ಊರಿನ ಹೆಸರು ಓದಿ ಎಸೆದವರು ಅವರು. ಮೊದಲ ಮಹಾಯುದ್ಧ ಬರುವವರೆಗೂ ಆ ಕೆಲಸ ನಡೆಯಿತು. ಅವರ ಹೆಸರು ಯಾವ ಕಲ್ಲಿನ ಮೇಲೂ ನಾನು ನೋಡಲಿಲ್ಲ, ಅದು ನನಗೆ ನೋವು.

ಇನ್ನೊಂದು ತೊಡಕು ಗಡಿಯಾರದ್ದು. 1906ಕ್ಕೆ ಮೊದಲು ದೇಶದ ರೈಲುಗಳು ನಡೆಯುತ್ತಿದ್ದದ್ದು ಮದ್ರಾಸಿನ ಗಂಟೆಗೆ, ಮುಂಬೈ ಊರು ನಡೆಯುತ್ತಿದ್ದದ್ದು ತನ್ನದೇ ಗಂಟೆಗೆ, ಎರಡಕ್ಕೂ ಅರ್ಧ ತಾಸಿನ ಅಂತರ. ಬಂದರಿನಲ್ಲಿ ಒಂದು ಹೊತ್ತು, ರೈಲಿನಲ್ಲಿ ಇನ್ನೊಂದು ಹೊತ್ತು, ನಡುವೆ ಚೀಲ ಹೊತ್ತವನು. 1912ರ ಜೂನ್ 1ರಂದು ಇದೇ ಬಲ್ಲಾರ್ಡ್ ಪಿಯರ್‌ನಿಂದ ಪಂಜಾಬ್ ಮೇಲ್ ಹೊರಟಿತು. ಹಡಗಿನಿಂದ ಇಳಿದ ಟಪಾಲು, ಪ್ರಯಾಣಿಕರನ್ನು ತುಂಬಿಕೊಂಡು ಪೇಶಾವರಕ್ಕೆ, 2,496 ಕಿಲೋಮೀಟರು, 47 ತಾಸು. ಹುಬ್ಬಳ್ಳಿ ಕಡೆಯ ಚೀಲ ಘಟ್ಟ ಹತ್ತಿ ಪುಣೆ, ಅಲ್ಲಿಂದ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ.

ಮಿರಜ್, ನಡುರಾತ್ರಿ

ಆ ದಾರಿಯಲ್ಲೇ ನಾನೂ ಬಂದೆ. ನಿದ್ದೆ ಬರಲಿಲ್ಲ. ಮಿರಜ್‌ನಲ್ಲಿ ಗಾಡಿ ನಿಂತಾಗ ಚಹಾಕ್ಕೆ ಇಳಿದೆ. ಮುಂದಿನ ಡಬ್ಬಿಯ ಹತ್ತಿರ ಒಂದು ಕೈಗಾಡಿ, ಅದರ ಮೇಲೆ ಟಪಾಲಿನ ಚೀಲಗಳು, ಇಬ್ಬರು ಹುಡುಗರು. ಒಬ್ಬ ಲೇಬಲ್ಲಿನ ನಂಬರ್ ಕೂಗುತ್ತಿದ್ದ, ಇನ್ನೊಬ್ಬ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದ. ಚಹಾದ ಲೋಟ ಹಿಡಿದು ಪಕ್ಕಕ್ಕೆ ಹೋಗಿ ನಿಂತೆ. ಎಣಿಕೆಯಲ್ಲಿ ಒಂದು ಕಡಿಮೆ ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡು ಮತ್ತೆ ಮೊದಲಿನಿಂದ ಎಣಿಸಲು ಹಿಡಿದರು. ಹಸಿರು ಸಿಗ್ನಲ್ ಬಿದ್ದಾಗಿತ್ತು.

"ಗಾಡಿ ಕೆಳಗ ನೋಡ್ರಪಾ" ಅಂದೆ.

ಕೈಗಾಡಿಯ ಗಾಲಿಯ ಹಿಂದೆ ಸಣ್ಣದೊಂದು ಚೀಲ ಜಾರಿ ಬಿದ್ದಿತ್ತು. ಹುಡುಗ ಬಗ್ಗಿ ಎಳೆದು, ಕೊರಳಿಗೆ ಒಂದು ಕೈ, ಅಡಿಗೆ ಒಂದು ಕೈ ಕೊಟ್ಟು, ಮೊಣಕಾಲಿನಿಂದ ಎತ್ತಿ ವ್ಯಾನಿನೊಳಗೆ ಹಾಕಿದ. ಇನ್ನೊಬ್ಬ ಸಹಿ ಹಾಕಿದ. ನಾನು ಓಡಿ ನನ್ನ ಡಬ್ಬಿ ಹತ್ತಿದೆ, ಚಹಾ ಅರ್ಧ ಚೆಲ್ಲಿತ್ತು.